ಅಳಿವೆ ದಾಟುವ ಹೊತ್ತನ್ನು ಮೊದಲು ಬರೆಯಿರಿ

ಪವರ್‌ಬೋಟ್ ತರಬೇತಿಯ ಮಧ್ಯಮ ಹಂತಕ್ಕೆ ಬರುವವರಿಗೆ ಬೋಟ್ ಓಡಿಸಲು ಬರುತ್ತದೆ. ಜೆಟ್ಟಿಗೆ ತಂದು ಕಟ್ಟುತ್ತಾರೆ, ನೀರಿಗೆ ಬಿದ್ದವರನ್ನು ಎತ್ತುತ್ತಾರೆ, ಹೇಳದೆಯೇ ಕಿಲ್ ಕಾರ್ಡ್ (ಓಡಿಸುವವರು ಬಿದ್ದರೆ ಎಂಜಿನ್ ನಿಲ್ಲಿಸುವ ದಾರ) ಸಿಕ್ಕಿಸಿಕೊಳ್ಳುತ್ತಾರೆ. ಇನ್ನು ಕಲಿಯಬೇಕಾದದ್ದು ಹಗಲಲ್ಲಿ ಕರಾವಳಿಯ ಒಂದು ಊರಿಂದ ಇನ್ನೊಂದಕ್ಕೆ ಹೋಗಿ ಬರುವುದನ್ನು. ಹೊನ್ನಾವರದಿಂದ ಕಾರವಾರಕ್ಕೆ ಹೋಗಿ ಬರುವ ಪ್ಲಾನ್ ಬರೆದು ತನ್ನಿ ಅಂತ ಹಿಂದಿನ ದಿನವೇ ಹೇಳಿರುತ್ತೇನೆ. ಒಂದು ಕಡೆಗೆ ಹೆಚ್ಚುಕಡಿಮೆ 37 ನಾಟಿಕಲ್ ಮೈಲಿ.

ಎಲ್ಲರ ಪ್ಲಾನೂ ಒಂದೇ ಥರ ಇರುತ್ತದೆ. ಬೆಳಿಗ್ಗೆ 8ಕ್ಕೆ ತಿಂಡಿ ಮುಗಿಸಿ ಹೊರಡುವುದು. 18 ನಾಟ್, ಅಂದರೆ ಗಂಟೆಗೆ 18 ನಾಟಿಕಲ್ ಮೈಲಿ ವೇಗದಲ್ಲಿ ಎರಡು ಗಂಟೆ. ಕಾರವಾರದಲ್ಲಿ ಮೀನೂಟ. 2ಕ್ಕೆ ಹೊರಟು 4ಕ್ಕೆ ಹೊನ್ನಾವರದಲ್ಲಿ ಶರಾವತಿಯ ಅಳಿವೆ, ಅಂದರೆ ಹೊಳೆ ಸಮುದ್ರ ಸೇರುವ ಬಾಯಿ. ಪೆಟ್ರೋಲ್ ಲೆಕ್ಕ, ಜಿಪಿಎಸ್ ಪಾಯಿಂಟ್‌ಗಳು, ಗಾಳಿಯ ಮುನ್ಸೂಚನೆ ಎಲ್ಲವೂ ಅಚ್ಚುಕಟ್ಟು. ನಾನು ಕೇಳುವುದು ಒಂದೇ ಪ್ರಶ್ನೆ: 4 ಗಂಟೆಗೆ ಅಳಿವೆಯಲ್ಲಿ ನೀರು ಏರುತ್ತಿರುತ್ತದಾ, ಇಳಿಯುತ್ತಿರುತ್ತದಾ? ಅಲ್ಲಿಗೆ ಮಾತು ನಿಂತುಬಿಡುತ್ತದೆ.

ಹೇಳಿ ಹೇಳಿ ಸಾಕಾಗಿದೆ, ಆದರೂ ಇನ್ನೊಮ್ಮೆ ಹೇಳುತ್ತೇನೆ. ನಮ್ಮ ಕರಾವಳಿಯಲ್ಲಿ ಪ್ರಯಾಣದ ಪ್ಲಾನ್ ಶುರುವಾಗಬೇಕಾದದ್ದು ಹೊರಡುವ ಹೊತ್ತಿನಿಂದ ಅಲ್ಲ. ವಾಪಸ್ ಬಂದು ಅಳಿವೆ ದಾಟುವ ಹೊತ್ತಿನಿಂದ. ಅದನ್ನು ಮೊದಲು ಬರೆದು, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ. ತಿಂಡಿ, ಊಟ ಎಲ್ಲ ಅದಕ್ಕೆ ಹೊಂದಿಕೊಳ್ಳಲಿ.

ಯಾಕೆ ಅಂದರೆ, ಇಳಿತದಲ್ಲಿ ಹೊಳೆಯ ನೀರು ಸಮುದ್ರಕ್ಕೆ ನುಗ್ಗುತ್ತಿರುತ್ತದೆ. ಹೊರಗಿನ ಅಲೆ ಅದಕ್ಕೆ ಎದುರಾಗಿ ಒಳಗೆ ಬರುತ್ತದೆ. ಎದುರು ಹರಿವು ಸಿಕ್ಕ ಅಲೆಯ ಉದ್ದ ಕುಗ್ಗುತ್ತದೆ, ಎತ್ತರ ಹೆಚ್ಚುತ್ತದೆ, ಮುಖ ಕಡಿದಾಗುತ್ತದೆ. ಕೆಳಗೆ ಮರಳಿನ ದಿಬ್ಬ ಬೇರೆ. ಹೊರಗೆ ಬೋಟಿಗೆ ಗೊತ್ತೇ ಆಗದ ಅಲೆ ಇಲ್ಲಿ ಎದ್ದು ಒಡೆಯುತ್ತದೆ. ಅದೇ ಜಾಗ, ಅದೇ ಅಲೆ, ನೀರು ಏರುವಾಗ ಸಲೀಸಾಗಿ ಒಳಗೆ ಬಿಟ್ಟುಕೊಳ್ಳುತ್ತದೆ.

ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಇದು ಇನ್ನೂ ಜಾಸ್ತಿ. ಆ ದಿನಗಳಲ್ಲಿ ನಮ್ಮ ಕಡೆ ಉಬ್ಬರ ಸಾಮಾನ್ಯವಾಗಿ ಮಧ್ಯಾಹ್ನಕ್ಕೆ ಮುಂಚೆ ತುಂಬಿ, ಸಂಜೆಯವರೆಗೆ ಇಳಿಯುತ್ತದೆ. ಇಳಿತದ ಜೋರು ನಡುವಿನ ಗಂಟೆಗಳಲ್ಲಿ. ಹೊಳೆಯ ಬಾಯಲ್ಲಂತೂ ಹೊರಗೆ ನೀರು ತಿರುಗಿದ ಮೇಲೂ ಸ್ವಲ್ಪ ಹೊತ್ತು ಹರಿವು ಹೊರಗೇ ಇರುತ್ತದೆ. ಪಡುಗಾಳಿ ಏಳುವುದೂ ಅದೇ ಹೊತ್ತಿಗೆ. ಬೆಳಿಗ್ಗೆ ಸಮುದ್ರ ಕನ್ನಡಿಯಂತಿತ್ತಲ್ಲ ಸಾರ್ ಅನ್ನುತ್ತಾರೆ. ಇತ್ತು, ನಿಜ. ಬೆಳಿಗ್ಗೆ ನೀವು ಹೊರಟಾಗ ನೀರು ಏರುತ್ತಿತ್ತು, ಗಾಳಿ ನೆಲದ ಕಡೆಯಿಂದ ಮೆಲ್ಲಗೆ ಬರುತ್ತಿತ್ತು. ಮಧ್ಯಾಹ್ನಕ್ಕೆ ಎರಡೂ ಬದಲಾಗಿರುತ್ತವೆ.

ಶರಾವತಿಯಲ್ಲಿ ಇನ್ನೊಂದು ವಿಷಯವಿದೆ. ಮೇಲೆ ಗೇರುಸೊಪ್ಪೆ ಅಣೆಕಟ್ಟಿನಿಂದ ನೀರು ಬಿಟ್ಟರೆ ಹೊಳೆಯ ಹರಿವು ಹೆಚ್ಚುತ್ತದೆ. ಉಬ್ಬರದ ಪಟ್ಟಿಯಲ್ಲಿ ಅದು ಸಿಗುವುದಿಲ್ಲ. ಮರಳ ದಿಬ್ಬವೂ ಇದ್ದಲ್ಲೇ ಇರುವುದಿಲ್ಲ. ಮಳೆಗಾಲ ಮುಗಿದ ಮೇಲೆ ದಾರಿ ಬೇರೆಯೇ ಆಗಿರಬಹುದು. ಹಾಗಾಗಿ ಅಳಿವೆ ಬಾಗಿಲಲ್ಲಿ ಪ್ಲಾಟರ್ (ಜಿಪಿಎಸ್ ನಕ್ಷೆಯ ಪರದೆ) ತೋರಿಸುವ ಆಳವನ್ನು ನಂಬಬೇಡಿ. ಅಲ್ಲಿ ದಿನಾ ಓಡಾಡುವ ತಾಂಡೇಲರನ್ನು, ಅಂದರೆ ಮೀನುದೋಣಿ ನಡೆಸುವವರನ್ನು ಕೇಳಿ.

ಒಮ್ಮೆ ಬೆಂಗಳೂರಿನ ಒಬ್ಬರು ಬಂದಿದ್ದರು. ತುಂಬ ಶ್ರದ್ಧೆಯ ಮನುಷ್ಯ, ಚಾರ್ಟ್ ಮೇಲೆ ಗೆರೆ ಎಳೆಯುವುದನ್ನು ನೋಡುವುದೇ ಚೆಂದ. ಅಳಿವೆಯ ಹೊರಗೆ ನಿಂತು ನೋಡಿ, "ಏನೂ ಇಲ್ಲ ಸಾರ್, ಹೋಗಬಹುದು" ಅಂದರು. ಅಷ್ಟರಲ್ಲಿ ಪಕ್ಕದಲ್ಲಿ ಕಾಯುತ್ತಿದ್ದ ದೋಣಿಯ ತಾಂಡೇಲರು ಕೈ ಅಡ್ಡ ಬೀಸಿ ಕೂಗಿದರು: "ಈಗ ಬೇಡ ಮಾರಾಯ್ರೆ, ನೀರು ಇಳೀತಾ ಉಂಟು!" ಇವರಿಗೆ ಕಂಡದ್ದು ಅಲೆಯ ಬೆನ್ನು. ಸಮುದ್ರದ ಕಡೆಯಿಂದ ನೋಡಿದರೆ ಒಡೆಯುವ ಅಲೆಯ ಬೆನ್ನು ನುಣ್ಣಗಿರುತ್ತದೆ. ಅದು ಒಡೆಯುವ ಮುಖ ದಡದ ಕಡೆಗಿರುತ್ತದೆ. ನಿಂತು ನೋಡುತ್ತಾ ಇದ್ದರೆ ಬೆನ್ನಿನ ಆಚೆ ಆಗಾಗ ಬಿಳಿ ತುಂತುರು ಮೇಲಕ್ಕೆ ಹಾರುತ್ತದೆ. ಕಾಣುವುದು ಅಷ್ಟೇ. ಅದನ್ನು ಅವರಿಗೆ ತೋರಿಸಿದೆ. ಆಮೇಲೆ ಅವರು ಏನೂ ಮಾತಾಡದೆ ಹತ್ತು ನಿಮಿಷ ಅದನ್ನೇ ನೋಡುತ್ತಾ ಕೂತರು. ಅಂಥ ವಿದ್ಯಾರ್ಥಿ ಅಂದರೆ ನನಗೆ ಬಹಳ ಇಷ್ಟ.

ಎಂಜಿನ್ ಜೋರಿದೆಯಲ್ಲ, ಸರ್ರನೆ ಹೋಗಿಬಿಡಬಹುದು ಅನ್ನುವವರ ಬಗ್ಗೆ ನನಗೆ ಭಯ. 3 ಮೀಟರ್ ಆಳದ ನೀರಲ್ಲಿ ಅಲೆ ಸುಮಾರು 10 ನಾಟ್ ವೇಗದಲ್ಲಿ ಸಾಗುತ್ತದೆ. ನೀವು 20ರಲ್ಲಿ ಹೋದರೆ ಅದರ ನೆತ್ತಿ ದಾಟಿ ಮುಖದ ಮೇಲೆ ಜಾರುತ್ತೀರಿ. ಮೂತಿ ನೀರಿಗೆ ಹೊಕ್ಕುತ್ತದೆ, ಹಿಂಭಾಗ ಪಕ್ಕಕ್ಕೆ ತಿರುಗುತ್ತದೆ, ಬೋಟ್ ಮಗುಚುತ್ತದೆ. ತುಂಬ ನಿಧಾನವಾದರೆ ಹಿಂದಿನ ಅಲೆ ಬಂದು ಮೇಲೆ ಬೀಳುತ್ತದೆ. ಒಂದು ಅಲೆಯ ಬೆನ್ನಲ್ಲೇ, ಅದರ ವೇಗದಲ್ಲೇ, ಥ್ರಾಟಲ್ ಮೇಲಿನ ಕೈ ತೆಗೆಯದೆ ಬರಬೇಕು. ಓದಿ ಕಲಿಯುವ ಕೆಲಸವಲ್ಲ ಇದು. ಶಾಂತ ದಿನದಲ್ಲಿ, ಪಕ್ಕದಲ್ಲಿ ಬಲ್ಲವರನ್ನು ಕೂರಿಸಿಕೊಂಡು ಅಭ್ಯಾಸ ಮಾಡಿ. ಅಲೆ ಒಡೆಯುತ್ತಿದ್ದರೆ ನಾನು ವಿದ್ಯಾರ್ಥಿಗಳನ್ನು ಕರೆದುಕೊಂಡು ಒಳಗೆ ನುಗ್ಗುವುದಿಲ್ಲ.

ನೋಡಬೇಕಾದದ್ದು ಎರಡು. ಸರ್ವೇ ಆಫ್ ಇಂಡಿಯಾದ ಉಬ್ಬರ ಪಟ್ಟಿ, ಆಮೇಲೆ ಹೈದರಾಬಾದಿನ ಇನ್‌ಕೋಯಿಸ್ ಸಂಸ್ಥೆಯ ಸಮುದ್ರ ಮುನ್ಸೂಚನೆ. ಮುನ್ಸೂಚನೆಯಲ್ಲಿ ಅಲೆಯ ಎತ್ತರವನ್ನಷ್ಟೇ ನೋಡಿ ಮುಚ್ಚಿಡಬೇಡಿ. ಎರಡು ಅಲೆಗಳ ನಡುವಿನ ಅವಧಿಯನ್ನೂ ನೋಡಿ. ಗಾಳಿಯೇ ಇಲ್ಲದ ದಿನವೂ ದಕ್ಷಿಣದ ದೂರದ ಸಮುದ್ರದಿಂದ 15 ಸೆಕೆಂಡಿನ ಉದ್ದದ ಅಲೆಗಳು ಬರುತ್ತವೆ. ಎತ್ತರ ಒಂದೇ ಮೀಟರ್ ಇದ್ದರೂ ದಿಬ್ಬದ ಮೇಲೆ ಅವು ಚೆನ್ನಾಗಿಯೇ ಏಳುತ್ತವೆ.

ಪೆಟ್ರೋಲನ್ನು ಮೂರು ಪಾಲು ಮಾಡಿ, ಹೋಗಲು ಒಂದು, ಬರಲು ಒಂದು, ಮೂರನೆಯದು ಆಪತ್ತಿಗೆ ಮೀಸಲು ಅಂತ ಕಲಿಸುತ್ತೇವೆ. ಆ ಮೂರನೇ ಪಾಲು ಇರುವುದೇ ಅಳಿವೆಯ ಹೊರಗೆ ಕಾಯುವುದಕ್ಕೆ. ಅಥವಾ ಬೇರೆ ಆಸರೆಗೆ ಹೋಗುವುದಕ್ಕೆ. ಕಾಯುವುದಕ್ಕೆ ಜನ ಯಾಕೋ ನಾಚಿಕೊಳ್ಳುತ್ತಾರೆ. ಮನೆಯವರು ಜೆಟ್ಟಿಯಲ್ಲಿ ನಿಂತಿದ್ದಾರೆ, ಕತ್ತಲಾಗುತ್ತದೆ ಅಂತ ಅವಸರ. ಕತ್ತಲಾಗುವುದು ನಿಜವಾದ ಸಮಸ್ಯೆಯೇ. ಆದ್ದರಿಂದಲೇ ಅಳಿವೆಯ ಹೊತ್ತು ಸಂಜೆಗೆ ಬೀಳುವ ದಿನ ಕಾರವಾರದ ಆಸೆ ಬಿಡಿ. ಹತ್ತಿರದ ಬಸವರಾಜ ದುರ್ಗದ ದ್ವೀಪದವರೆಗೆ ಹೋಗಿ, ಉಬ್ಬರ ತುಂಬುವ ಮೊದಲೇ ಒಳಗೆ ಬನ್ನಿ. ಹೊರಗೇ ಸಿಕ್ಕಿಕೊಂಡರೆ ದಡದಲ್ಲಿರುವ ಒಬ್ಬರಿಗೆ ಫೋನ್ ಮಾಡಿ, ಅಲೆಯ ಮುಖ ಕಾಣುವ ಕಡೆ ನಿಂತು ಹೇಳಲು ಕೇಳಿ. ಕೈಮೀರಿದರೆ ಬೋಟಿನ ವಿಎಚ್‌ಎಫ್ ರೇಡಿಯೋದ ಚಾನೆಲ್ 16, ಇಲ್ಲವೇ ಕೋಸ್ಟ್ ಗಾರ್ಡಿನ 1554. ಈ ನಂಬರನ್ನು ಹೊರಡುವ ಮೊದಲೇ ಫೋನಿಗೆ ಹಾಕಿಕೊಂಡು, ಬೋಟಿನಲ್ಲಿರುವ ಎಲ್ಲರಿಗೂ ಹೇಳಿರಿ.