ಯುದ್ಧ ಸಾರುವ ಮುಂಚೆಯೇ ಗುಂಡು ಹಾರಿಸಿದ ‘ನಾನಿವಾ’

1894ರ ಜುಲೈ 25. ಕೊರಿಯಾದ ಪಶ್ಚಿಮ ಕರಾವಳಿ. ಪುಂಗ್ದೊ ದ್ವೀಪದ ಹತ್ತಿರ ಜಪಾನಿನ ಕ್ರೂಸರ್ (ವೇಗದ ಯುದ್ಧನೌಕೆ) ‘ನಾನಿವಾ’ ಒಂದು ಹಡಗನ್ನು ತಡೆದು ನಿಲ್ಲಿಸಿತು. ಆ ಹಡಗು ‘ಕೌಶಿಂಗ್’. ಬಾವುಟ ಬ್ರಿಟನ್ನಿನದು, ಕ್ಯಾಪ್ಟನ್ನೂ ಬ್ರಿಟಿಷ್. ಆದರೆ ಒಳಗಿದ್ದವರು ಸುಮಾರು 1,100 ಚೀನೀ ಸೈನಿಕರು. ಅವತ್ತು ಬೆಳಿಗ್ಗೆಯೇ ಚೀನಾ, ಜಪಾನ್ ಯುದ್ಧನೌಕೆಗಳ ನಡುವೆ ಗುಂಡು ಹಾರಿತ್ತು, ನಿಜ. ಆದರೆ ಯುದ್ಧ ಘೋಷಣೆ ಆಗಿದ್ದು ಆಗಸ್ಟ್ 1ಕ್ಕೆ.

‘ನಮ್ಮ ಹಿಂದೆ ಬನ್ನಿ’ ಎಂದ ನಾನಿವಾ ಕ್ಯಾಪ್ಟನ್ ಟೋಗೊ ಹೇಹಾಚಿರೊ. ಬ್ರಿಟಿಷ್ ಕ್ಯಾಪ್ಟನ್ ಒಪ್ಪಿದ. ಸೈನಿಕರು ಅವನನ್ನು ಬಿಡಬೇಕಲ್ಲ? ನಾಲ್ಕು ಗಂಟೆ ಮಾತುಕತೆ ನಡೆದು, ಕೊನೆಗೆ ಟೋಗೊ ಹಡಗನ್ನು ಮುಳುಗಿಸಿದ. ನಾನಿವಾದ ದೋಣಿಗಳು ಮೂವರು ಯುರೋಪಿಯನ್ನರನ್ನು ಎತ್ತಿಕೊಂಡವು. ನೀರಿಗೆ ಬಿದ್ದ ಚೀನೀಯರನ್ನು ಎತ್ತಲಿಲ್ಲ.

ಲಂಡನ್ನಿನಲ್ಲಿ ಗಲಾಟೆ ಎದ್ದಿತು. ಆಗ ‘ದಿ ಟೈಮ್ಸ್’ಗೆ ಪತ್ರ ಬರೆದು ಟೋಗೊ ಪರ ನಿಂತವರು ಹಾಲೆಂಡ್, ವೆಸ್ಟ್‌ಲೇಕ್ ಎಂಬ ಇಬ್ಬರು ಬ್ರಿಟಿಷ್ ಕಾನೂನು ಪಂಡಿತರೇ. ಗುಂಡು ಹಾರಿದರೆ ಯುದ್ಧ ಶುರುವಾದಂತೆಯೇ, ಕಾಗದದ ಘೋಷಣೆ ಬೇಕಿಲ್ಲ ಎಂಬ ವಾದ. ಕಾನೂನಿಗೆ ಅದು ಸಾಕಾಗಿರಬಹುದು. ನೀರಿನಲ್ಲಿ ಬಿಟ್ಟುಹೋದವರ ಲೆಕ್ಕಕ್ಕೆ ಸಾಕಾಗುವುದಿಲ್ಲ ಅಂತ ನನಗನ್ನಿಸುತ್ತದೆ.

ತಮಾಷೆ ಏನೆಂದರೆ, ನಾನಿವಾ ಕೂಡ ಬ್ರಿಟಿಷರು ಕಟ್ಟಿಕೊಟ್ಟ ಹಡಗೇ. ಇಂಥ ಉಕ್ಕಿನ ಹಡಗು ಕಟ್ಟುವ ತಾಕತ್ತು ಆಗಿನ್ನೂ ಜಪಾನಿಗೆ ಇರಲಿಲ್ಲ. ಹಾಗಾಗಿ ನ್ಯೂಕ್ಯಾಸಲ್‌ನ ಆರ್ಮ್‌ಸ್ಟ್ರಾಂಗ್ ಕಂಪನಿಗೆ ಆರ್ಡರ್ ಹೋಯಿತು. 1885ರಲ್ಲಿ ಅದು ನೀರಿಗಿಳಿಯಿತು. 26 ಸೆಂಟಿಮೀಟರ್‌ನ ಬಾಯಿರುವ ಎರಡು ದೊಡ್ಡ ತೋಪುಗಳು, 18 ನಾಟ್ (ಗಂಟೆಗೆ ಸುಮಾರು 33 ಕಿ.ಮೀ.) ವೇಗ. ಆ ಕಾಲಕ್ಕೆ ಅದು ಜಾಸ್ತಿಯೇ. ನಾನಿವಾ ಎನ್ನುವುದು ಒಸಾಕಾದ ಹಳೇ ಹೆಸರು.

ಕೌಶಿಂಗ್‌ಗೆ ಮುಂಚೆಯೂ ಟೋಗೊ ಹಟಮಾರಿಯೇ. 1893ರಲ್ಲಿ ಹವಾಯಿ ರಾಣಿ ಲಿಲಿಯುಒಕಲಾನಿಯನ್ನು ಕೆಳಗಿಳಿಸಿದ ಮೇಲೆ ನಾನಿವಾ ಹೊನೊಲುಲುವಿಗೆ ಬಂದು ಲಂಗರು ಹಾಕಿತು. ಜೈಲಿನಿಂದ ತಪ್ಪಿಸಿಕೊಂಡ ಜಪಾನೀಯನೊಬ್ಬ ಈಜಿಕೊಂಡು ಬಂದು ಹಡಗು ಹತ್ತಿದ. ಅವನನ್ನು ಹೊಸ ಸರ್ಕಾರಕ್ಕೆ ಒಪ್ಪಿಸಲು ಟೋಗೊ ಒಪ್ಪಲಿಲ್ಲ. ಕೊನೆಗೆ ಜಪಾನಿನ ಕಾನ್ಸಲ್‌ ಕೈಗೆ ಕೊಟ್ಟ.

ಕೌಶಿಂಗ್ ಮುಳುಗಿ ಹತ್ತು ವರ್ಷದ ಮೇಲೆ ಮತ್ತೆ ಅದೇ ಕಥೆ, ಘೋಷಣೆಗೆ ಮುಂಚೆಯೇ ಗುಂಡು. 1904ರ ಫೆಬ್ರವರಿ 9ರಂದು ಕೊರಿಯಾದ ಚೆಮುಲ್ಪೊದಲ್ಲಿ ರಷ್ಯಾದ ಯುದ್ಧನೌಕೆ ‘ವರ್ಯಾಗ್’ ಮೇಲೆ ಜಪಾನ್ ದಾಳಿ ಮಾಡಿತು. ದಾಳಿ ನಡೆಸಿದ ಅಡ್ಮಿರಲ್ ಉರಿಯು ಇದ್ದದ್ದು ನಾನಿವಾದಲ್ಲೇ. ಘೋಷಣೆ ಬಂದದ್ದು ಮರುದಿನ! ಮುಂದಿನ ವರ್ಷ ರಷ್ಯಾ ವಿರುದ್ಧದ ತ್ಸುಶಿಮಾ ಸಮುದ್ರ ಕದನದಲ್ಲೂ ನಾನಿವಾ ಇತ್ತು. ಟೋಗೊ ಆಗ ಇಡೀ ನೌಕಾಪಡೆಯ ದಂಡನಾಯಕ, ‘ಮಿಕಾಸಾ’ದ ಮೇಲಿದ್ದ.

ಇಷ್ಟೆಲ್ಲ ಕದನ ದಾಟಿ ಬಂದ ನಾನಿವಾ, 1912ರಲ್ಲಿ ಜಪಾನಿನ ಉತ್ತರಕ್ಕಿರುವ ಕುರಿಲ್ ದ್ವೀಪಗಳ ಉರುಪ್ ಬಳಿ ತಳ ಕಚ್ಚಿ ನಿಂತಿತು. ಮತ್ತೆ ಮೇಲೇಳಲಿಲ್ಲ.