ಎಫ್-5 ಎಂದರೆ ಯಾವ ವಿಮಾನ?

ಫ್ರೆಂಚ್ ಲೇಖಕ ಹಾಗೂ ವೈಮಾನಿಕ ಆಂಟ್ವಾನ್ ದ ಸೆಂತೆಕ್ಸ್ಯುಪೆರಿ 1944ರ ಜುಲೈ 31ರಂದು ಕಾರ್ಸಿಕಾ ದ್ವೀಪದಿಂದ ಹಾರಿ ಮರಳಿ ಬಾರದೆ ಹೋದ ವಿಮಾನವನ್ನು ಕೆಲವರು ಪಿ-38 ಎಂದೂ ಕೆಲವರು ಎಫ್-5ಬಿ ಎಂದೂ ಬರೆಯುತ್ತಾರೆ. ಎರಡೂ ತಪ್ಪಲ್ಲ. ಯುದ್ಧ ವಿಮಾನವಾಗಿ ರೂಪುಗೊಂಡ ಪಿ-38ರಿಂದ ಬಂದೂಕುಗಳನ್ನು ತೆಗೆದು, ಮೂತಿಯಲ್ಲಿ ಕ್ಯಾಮೆರಾಗಳನ್ನು ಕೂರಿಸಿದಾಗ ಅಮೆರಿಕದ ಭೂಸೇನೆಯ ವಾಯುಪಡೆ ಅದಕ್ಕೆ ಹೊಸ ಹೆಸರನ್ನೇ ಇಡುತ್ತಿತ್ತು.

ಅಂದಿನ ಪದ್ಧತಿಯಲ್ಲಿ ‘ಪಿ’ ಅಕ್ಷರವು ಶತ್ರುವನ್ನು ಬೆನ್ನಟ್ಟುವ ‘ಪರ್ಸ್ಯೂಟ್’ ವಿಮಾನಗಳಿಗೆ ಸಂದುಹೋಗಿದ್ದರಿಂದ, ಚಿತ್ರ ತೆಗೆಯುವ ಬೇಹು ವಿಮಾನಗಳ ಪಾಲಿಗೆ ‘ಎಫ್’ ಬಂದಿತ್ತು. ಅದರ ಮುಂದಿನ ಅಂಕಿ ಬರಿಯ ಸರದಿ ಸಂಖ್ಯೆಯಾಗಿದ್ದು, ಮೂಲ ವಿಮಾನದ ಸುಳಿವನ್ನೇ ಕೊಡುತ್ತಿರಲಿಲ್ಲ: ಪಿ-51 ಮಸ್ಟಾಂಗ್ ಎಫ್-6 ಆಯಿತು, ಬಿ-24 ಬಾಂಬರ್ ಎಫ್-7 ಆಯಿತು, ಬ್ರಿಟಿಷರ ಮಸ್ಕಿಟೊ ಎಫ್-8 ಆಯಿತು, ಬಿ-17 ಎಫ್-9 ಆಯಿತು. 1944ರ ನವೆಂಬರ್ 1ರಂದು ಟೋಕಿಯೊ ನಗರದ ಚಿತ್ರಗಳನ್ನು ತೆಗೆದ ಎಫ್-13 ಕೂಡ ಮಾರ್ಪಟ್ಟ ಬಿ-29. ಹಾಗೆಂದು ‘ಎಫ್’ ಇದ್ದುದೆಲ್ಲ ನಿರಾಯುಧವೆಂದು ತಿಳಿಯುವಂತಿಲ್ಲ. ಎಫ್-6 ತನ್ನ ಬಂದೂಕುಗಳನ್ನು ಉಳಿಸಿಕೊಂಡೇ ಕ್ಯಾಮೆರಾ ಹೊತ್ತಿತ್ತು.

ಕೊನೆಯಲ್ಲಿ ಬರುವ ಅಕ್ಷರವಂತೂ ಓದುಗರನ್ನು ಇನ್ನಷ್ಟು ಅಡ್ಡದಾರಿಗೆಳೆಯುತ್ತದೆ. ಎಫ್-6ಡಿ ಪಿ-51ಡಿಯಿಂದಲೂ ಎಫ್-6ಕೆ ಪಿ-51ಕೆಯಿಂದಲೂ ಬಂದವೆಂಬುದನ್ನು ಕಂಡವರು, ಅದೇ ಲೆಕ್ಕದಲ್ಲಿ ಎಫ್-5ಎ ಎಂಬುದು ಪಿ-38ಎಯಿಂದ ಬಂದಿರಬೇಕೆಂದು ಊಹಿಸುವುದು ಸಹಜ. ಆದರೆ ಪಿ-38ರ ‘ಇ’ ಮಾದರಿ ಎಫ್-4 ಆಗಿ, ‘ಎಫ್’ ಮಾದರಿ ಎಫ್-4ಎ ಆಗಿ, ‘ಜಿ’ ಮಾದರಿ ಎಫ್-5ಎ ಆಗಿ ಬದಲಾಗಿದ್ದವು. ಹಾಗಾಗಿ ಇಲ್ಲಿ ಊಹೆಗಿಂತ ಮೂಲ ದಾಖಲೆಯನ್ನು ನೋಡುವುದೇ ಲೇಸು.

ವಾಯುಪಡೆಯು 1947ರಲ್ಲಿ ಭೂಸೇನೆಯಿಂದ ಬೇರ್ಪಟ್ಟು, 1948ರಲ್ಲಿ ಹೆಸರಿಡುವ ಕ್ರಮವನ್ನೇ ತಿದ್ದಿತು. ‘ಪಿ’ ಮರೆಯಾಗಿ, ‘ಎಫ್’ ಎಂಬುದು ‘ಫೈಟರ್’ ವಿಮಾನಗಳ ಗುರುತಾಯಿತು. ಬೇಹು ವಿಮಾನಗಳಿಗೆ ಮೂಲದ ಹೆಸರನ್ನೇ ಉಳಿಸಿ, ಮುಂದೆ ‘ಆರ್’ ಸೇರಿಸಲಾಯಿತು. ಎಫ್-6 ಆರ್‌ಎಫ್-51 ಎನಿಸಿಕೊಂಡಿತು, ಎಫ್-13 ಆರ್‌ಬಿ-29 ಎನಿಸಿಕೊಂಡಿತು. ವಿಮಾನದ ವಂಶವು ಹೆಸರಿನಲ್ಲೇ ಕಾಣುವುದರಿಂದ ಈ ಪದ್ಧತಿಯೇ ಹೆಚ್ಚು ಪ್ರಾಮಾಣಿಕವೆನ್ನಬೇಕು.

ಆದುದರಿಂದ ‘ಎಫ್’ ಕಂಡಲ್ಲಿ ಮೊದಲು ಇಸವಿಯನ್ನು ನೋಡಬೇಕಾಗುತ್ತದೆ. 1946ರ ಕಾಗದಪತ್ರಗಳಲ್ಲಿ ಎಫ್-15 ಎಂದರೆ ಪಿ-61 ಎಂಬ ರಾತ್ರಿ ಯುದ್ಧ ವಿಮಾನದಿಂದ ಹುಟ್ಟಿದ, ಪ್ರೊಪೆಲ್ಲರ್‌ಗಳುಳ್ಳ ‘ರಿಪೋರ್ಟರ್’. ಒಟ್ಟು 36 ಮಾತ್ರ ತಯಾರಾದ ಅದು 1948ರಲ್ಲಿ ಆರ್‌ಎಫ್-61ಸಿ ಆಯಿತು. 1972ರಲ್ಲಿ ಮೊದಲ ಬಾರಿಗೆ ಹಾರಿದ ಎಫ್-15 ‘ಈಗಲ್’ ಜೆಟ್ ವಿಮಾನಕ್ಕೂ ಅದಕ್ಕೂ ಅಂಕಿಯ ಹೋಲಿಕೆಯ ಹೊರತು ಯಾವ ನಂಟೂ ಇಲ್ಲ.