25 ಸಾಲಿನ ಆಯಿಲ್ ಕೂಲರ್ ಹಾಕಿಸಿದರೆ ಇನ್ನೂ ಒಳ್ಳೆಯದಲ್ಲವೇ?

ಓದುಗರ ಪ್ರಶ್ನೆ: ನನ್ನ ಪೊಲೊ ಜಿಟಿ ಟಿಎಸ್‌ಐಗೆ ಸ್ಟೇಜ್ 1 ಮ್ಯಾಪ್ (ಶಕ್ತಿ ಹೆಚ್ಚಿಸಲು ಎಂಜಿನ್ ಕಂಪ್ಯೂಟರಿನ ತಂತ್ರಾಂಶದ ಬದಲಾವಣೆ) ಹಾಕಿಸಿದ್ದೇನೆ. ತಿಂಗಳಿಗೊಮ್ಮೆ ಘಟ್ಟದ ಕಡೆ ಹೋಗುತ್ತೇನೆ. ಮುಂದಿನ ವರ್ಷ ರೇಸ್ ಟ್ರ್ಯಾಕ್‌ಗೂ ಹೋಗುವ ಆಸೆ ಇದೆ. ಎಂಜಿನ್ ತಂಪಾಗಿರಲೆಂದು ಆಯಿಲ್ ಕೂಲರ್ ಹಾಕಿಸಬೇಕು. 19 ಸಾಲಿನದು ಸಾಕೇ, 25 ಸಾಲಿನದೇ ಬೇಕೇ?

ಆಯಿಲ್ ಕೂಲರ್ ಎಂದರೆ ಎಂಜಿನ್ ಆಯಿಲನ್ನು ಗಾಳಿಗೊಡ್ಡಿ ತಣಿಸುವ ಪುಟ್ಟ ರೇಡಿಯೇಟರ್. ಅದರಲ್ಲಿ ಆಯಿಲ್ ಹರಿಯುವ ಕೊಳವೆಗಳ ಲೆಕ್ಕವೇ ಸಾಲು, ಸಾಲು ಹೆಚ್ಚಿದಷ್ಟೂ ಕೂಲರ್ ದೊಡ್ಡದು. ಕಾರು ಬದಲಾಗುತ್ತದೆ, ಪ್ರಶ್ನೆ ಮಾತ್ರ ಹಾಗೆಯೇ ಇರುತ್ತದೆ. ಒಂದು ಕಾಲದಲ್ಲಿ ಅಬಾರ್ಥ್ ಪುಂಟೊ ಇಟ್ಟುಕೊಂಡವರು ಕೇಳುತ್ತಿದ್ದರು, ಆಮೇಲೆ ಪೊಲೊದವರು, ಈಗ ಐ20 ಎನ್ ಲೈನ್‌ನವರು. ಕೂಲರ್ ಬೇಕೋ ಬೇಡವೋ ಎಂದು ಕೇಳುವವರು ಅಪರೂಪ. ಅದು ಬೇಕೇ ಬೇಕು ಎಂದು ಮನೆಯಲ್ಲೇ ತೀರ್ಮಾನಿಸಿಕೊಂಡು, ಅಳತೆ ಎಷ್ಟಿರಲಿ ಎಂದಷ್ಟೇ ಕೇಳುತ್ತಾರೆ. ಸೀರೆ ಆರಿಸಿಯಾದ ಮೇಲೆ ಬಣ್ಣ ಹೇಗಿದೆ ಎಂದು ಕೇಳಿದ ಹಾಗೆ.

ಮೊದಲು ಹೇಳಿ, ನಿಮ್ಮ ಆಯಿಲ್‌ನ ಬಿಸಿ ಈಗ ಎಷ್ಟು ಡಿಗ್ರಿ? ಡ್ಯಾಶ್‌ಬೋರ್ಡಿನ ಮುಳ್ಳು 90ರಲ್ಲೇ ನಿಂತಿರುತ್ತದೆ ಎನ್ನಬೇಡಿ. ಅದು ಕೂಲಂಟ್‌ನ, ಎಂದರೆ ರೇಡಿಯೇಟರಿನ ನೀರಿನ ಮುಳ್ಳು. ಅದೂ ಪೂರ್ತಿ ನಿಜ ಹೇಳುವುದಿಲ್ಲ. ಕೂಲಂಟ್ ಸುಮಾರು 75ರಿಂದ 105 ಡಿಗ್ರಿಯ ನಡುವೆ ಎಲ್ಲೇ ಇರಲಿ, ಮಾಲೀಕರು ಗಾಬರಿಯಾಗಬಾರದೆಂದು ಮುಳ್ಳನ್ನು ನಡುವೆಯೇ ನಿಲ್ಲಿಸುವಂತೆ ಹಲವು ತಯಾರಕರು ಹೊಂದಿಸಿರುತ್ತಾರೆ. ಆಯಿಲ್‌ನ ಬಿಸಿ ಬೇರೆಯೇ ಲೆಕ್ಕ. ತಣ್ಣಗಿನ ಎಂಜಿನ್ ಚಾಲೂ ಮಾಡಿದರೆ ಕೂಲಂಟ್ ನಾಲ್ಕೈದು ಕಿಲೋಮೀಟರಿನಲ್ಲಿ ಬಿಸಿಯಾಗುತ್ತದೆ. ಆಯಿಲ್ ಆ ಮಟ್ಟ ಮುಟ್ಟಲು ಅದರ ಎರಡು ಪಟ್ಟು ದೂರ ಬೇಕಾಗಬಹುದು. ಟ್ರ್ಯಾಕ್‌ನಲ್ಲಾದರೆ ಕೂಲಂಟ್ 95ರಲ್ಲಿ ಹಾಯಾಗಿ ಕುಳಿತಿರುವಾಗ ಆಯಿಲ್ 130 ದಾಟಿರಬಹುದು. ಆದ್ದರಿಂದ ಮೊದಲ ಖರ್ಚು ಕೂಲರ್‌ಗಲ್ಲ, ಗೇಜ್‌ಗೆ. ಓಬಿಡಿಯಲ್ಲಿ, ಎಂದರೆ ಕಾರಿನ ಕಂಪ್ಯೂಟರಿಗೆ ಉಪಕರಣ ಜೋಡಿಸಿ ಓದುವ ಕಿಂಡಿಯಲ್ಲಿ, ಆಯಿಲ್‌ನ ಬಿಸಿ ತೋರಿಸುವ ಕಾರುಗಳಿವೆ. ಆದರೆ ಕೆಲವು ಕಾರುಗಳಲ್ಲಿ ಅದು ಅಳೆದ ಸಂಖ್ಯೆಯಲ್ಲ, ಕಂಪ್ಯೂಟರ್ ಅಂದಾಜಿನ ಮೇಲೆ ಲೆಕ್ಕ ಹಾಕಿದ ಸಂಖ್ಯೆ. ಒಂದು ನಿಜವಾದ ಸೆನ್ಸರ್ ಕೂರಿಸಿ, ಒಂದು ತಿಂಗಳು ಓಡಿಸಿ, ಬರೆದಿಟ್ಟುಕೊಳ್ಳಿ.

ಹೀಗೆ ಬರೆದಿಟ್ಟುಕೊಂಡವರಲ್ಲಿ ಹೆಚ್ಚಿನವರು ಮತ್ತೆ ನನ್ನ ಬಳಿ ಬರುವುದಿಲ್ಲ. ಚಾರ್ಮಾಡಿಯೋ ಆಗುಂಬೆಯೋ, ಮುಂದೊಂದು ಲಾರಿ ಇದ್ದೇ ಇರುತ್ತದೆ. ಎಂಜಿನ್ ಪೂರ್ತಿ ಜೋರಿನಲ್ಲಿ ದುಡಿಯುವುದು ಒಂದೊಂದು ಸಲಕ್ಕೆ ಹತ್ತು ಸೆಕೆಂಡು. ಆಯಿಲ್ 105, 110ಕ್ಕೆ ಏರಿ ಇಳಿಯುತ್ತದೆ. ಅದು ಅದರ ಸಹಜ ಸ್ಥಿತಿ.

ಇನ್ನು 25 ಸಾಲಿನ ವಿಷಯ. ಆಯಿಲ್ ಎಷ್ಟು ತಂಪಾಗಿದ್ದರೆ ಎಂಜಿನ್‌ಗೆ ಅಷ್ಟು ಒಳ್ಳೆಯದು ಎಂಬ ನಂಬಿಕೆಯೊಂದು ನಮ್ಮಲ್ಲಿ ಬೇರುಬಿಟ್ಟಿದೆ. ಎಷ್ಟು ಸಲ ಕಿತ್ತರೂ ಪಾರ್ಥೇನಿಯಂ ಹಾಗೆ ಮತ್ತೆ ಚಿಗುರುತ್ತದೆ. ಈ ಸಲ ಬೇರುಸಹಿತ ಕೀಳಲು ನೋಡುತ್ತೇನೆ, ಸ್ವಲ್ಪ ತಾಳ್ಮೆ ಇರಲಿ.

ಆಯಿಲ್‌ನ ಕೆಲಸ ತಂಪಾಗಿರುವುದಲ್ಲ. ಎಂಜಿನಿನೊಳಗೆ ತಿರುಗುವ ದಂಡವಾದ ಕ್ರ್ಯಾಂಕಿಗೂ ಅದನ್ನು ಹೊತ್ತ ಬೇರಿಂಗಿಗೂ ನಡುವೆ ತಕ್ಕಷ್ಟು ದಪ್ಪದ ಪೊರೆಯಾಗಿ ನಿಲ್ಲುವುದು, ಅಲ್ಲಿನ ಬಿಸಿಯನ್ನು ಹೊತ್ತುಕೊಂಡು ಬರುವುದು. ಮಲೆನಾಡಿನವರಿಗೆ ಜೋನಿಬೆಲ್ಲ ಗೊತ್ತು. ಡಿಸೆಂಬರಿನ ಬೆಳಗ್ಗೆ ಚಮಚ ಮಗುಚಿದರೂ ಇಳಿಯುವುದಿಲ್ಲ, ಬಿಸಿ ದೋಸೆಯ ಮೇಲೆ ಬಿದ್ದ ಕೂಡಲೇ ಹರಿಯುತ್ತದೆ. ನೀವು ಹಾಕುವ 5ಡಬ್ಲ್ಯೂ-40 ಆಯಿಲ್ ಕೂಡ ಹಾಗೆಯೇ. ಡಬ್ಬಿಯ ಮೇಲಿನ 40 ಎಂಬ ಸಂಖ್ಯೆ ನಿಂತಿರುವುದು 100 ಡಿಗ್ರಿಯಲ್ಲಿ ಅಳೆದ ಸ್ನಿಗ್ಧತೆಯ, ಎಂದರೆ ಗಟ್ಟಿತನದ ಮೇಲೆ. ಅಲ್ಲಿ ಅದು 12.5ರಿಂದ 16.3 ಸೆಂಟಿಸ್ಟೋಕ್ಸ್ (ಸ್ನಿಗ್ಧತೆಯ ಮಾನ) ಒಳಗಿರಬೇಕು. ಅದೇ ಆಯಿಲ್ 60 ಡಿಗ್ರಿಯಲ್ಲಿ ಸುಮಾರು ಮೂರು ಪಟ್ಟು ಗಟ್ಟಿ, 40 ಡಿಗ್ರಿಯಲ್ಲಿ ಆರು ಪಟ್ಟು. ಎಂಜಿನ್ ರೂಪಿಸಿದವರು ಬೇರಿಂಗಿನ ಸಂದನ್ನು ಬಿಸಿ ಆಯಿಲ್‌ಗೆ ಲೆಕ್ಕ ಹಾಕಿ ಇಟ್ಟಿದ್ದಾರೆ. 25 ಸಾಲಿನ ಕೂಲರ್ ಹಾಕಿ ಅದನ್ನು 65ರಲ್ಲಿ ಓಡಿಸಿದರೆ ನೀವು ದುಡ್ಡು ಕೊಟ್ಟು ಆ ಲೆಕ್ಕವನ್ನು ಕೆಡಿಸಿದಂತೆ.

ಆಗ ಬರುವ ಪ್ರತಿವಾದವೂ ನನಗೆ ಬಾಯಿಪಾಠ: "ಸಾರ್, ಆಯಿಲ್ ತಣ್ಣಗಿದ್ದಾಗ ಪ್ರೆಶರ್ ಚೆನ್ನಾಗಿ ತೋರಿಸುತ್ತದೆ." ತೋರಿಸದೆ ಏನು? ಬಿ.ಪಿ. ಏರಿದವನನ್ನು ಆರೋಗ್ಯವಂತ ಎನ್ನುತ್ತೇವೆಯೇ? ಗಟ್ಟಿ ಆಯಿಲ್ ಸರಾಗವಾಗಿ ಹರಿಯದೆ ತಡೆಯುವುದರಿಂದಲೇ ಒತ್ತಡ ಏರುತ್ತದೆ. ಒಂದು ಮಿತಿ ದಾಟಿದರೆ ಪಂಪಿನ ರಿಲೀಫ್ ವಾಲ್ವ್ ತೆರೆದುಕೊಂಡು ಆಯಿಲನ್ನು ಬೇರಿಂಗಿಗೆ ಕಳುಹಿಸದೆ ಹಿಂದಕ್ಕೆ ತಿರುಗಿಸುತ್ತದೆ. ಗೇಜಿನಲ್ಲಿ 6 ಬಾರ್ ನೋಡಿ ನೀವು ಹಿಗ್ಗುವ ಹೊತ್ತಿನಲ್ಲಿ ಎಂಜಿನ್‌ಗೆ ಸಿಗುತ್ತಿರುವ ಆಯಿಲ್ ಕಡಿಮೆಯೇ.

ಇದಕ್ಕಿಂತ ಕೆಟ್ಟದ್ದು ನೀರು. ಒಂದು ಲೀಟರ್ ಪೆಟ್ರೋಲ್ ಉರಿದರೆ ಹತ್ತಿರ ಹತ್ತಿರ ಒಂದು ಲೀಟರ್ ನೀರು ಹುಟ್ಟುತ್ತದೆ. ನಂಬದವರು ಹತ್ತನೇ ತರಗತಿಯ ರಸಾಯನಶಾಸ್ತ್ರ ತೆಗೆದು ಲೆಕ್ಕ ಹಾಕಿ ನೋಡಬಹುದು. ಬಹುಪಾಲು ಸೈಲೆನ್ಸರಿನಿಂದ ಆವಿಯಾಗಿ ಹೋಗುತ್ತದೆ. ಒಂದಿಷ್ಟು ಪಿಸ್ಟನ್ ರಿಂಗುಗಳನ್ನು ದಾಟಿ ಕೆಳಗಿಳಿದು ಆಯಿಲ್ ಸೇರುತ್ತದೆ. ಅದರ ಜತೆಗೆ ಉರಿಯದ ಪೆಟ್ರೋಲೂ ಇಳಿಯುತ್ತದೆ. ಸಿಲಿಂಡರಿನೊಳಕ್ಕೇ ಪೆಟ್ರೋಲ್ ಚಿಮ್ಮಿಸುವ ಟಿಎಸ್‌ಐಯಂಥ ಎಂಜಿನ್‌ಗಳಲ್ಲಿ ಈ ಕಾಟ ಇನ್ನೂ ಹೆಚ್ಚು. ಆಯಿಲ್ 90, 100 ಮುಟ್ಟಿ ಅಲ್ಲಿ ಸ್ವಲ್ಪ ಹೊತ್ತು ನಿಂತರೆ ನೀರೂ ಪೆಟ್ರೋಲಿನ ಹಗುರ ಭಾಗವೂ ಆವಿಯಾಗಿ ಬ್ರೀದರ್ ಎಂಬ ಉಸಿರುನಳಿಕೆಯ ಮೂಲಕ ಹೊರಟುಹೋಗುತ್ತವೆ. ಮುಟ್ಟದಿದ್ದರೆ ಅಲ್ಲೇ ಬೀಡುಬಿಡುತ್ತವೆ.

ಎರಡು ವರ್ಷದ ಹಿಂದೆ ಜಯನಗರದ ಹುಡುಗನೊಬ್ಬ ಕಾರು ತಂದು ನಿಲ್ಲಿಸಿದ. ಬಂಪರ್ ತುಂಬ ಮಿನುಗುವ 25 ಸಾಲಿನ ಕೂಲರ್, ಆಯಿಲ್ ಬಿಸಿಯಾಗುವವರೆಗೆ ಕೂಲರಿನ ದಾರಿ ಮುಚ್ಚಿಡುವ ಥರ್ಮೋಸ್ಟಾಟ್ ಇಲ್ಲ. ಮನೆಯಿಂದ ಕಚೇರಿಗೆ ಆರು ಕಿಲೋಮೀಟರ್, ಅಲ್ಲಿಂದ ಮನೆಗೆ ಆರು. ಆಯಿಲ್ ಹಾಕುವ ಮುಚ್ಚಳ ತಿರುಗಿಸಿದೆ. ಒಳಬದಿಯಲ್ಲಿ ದರ್ಶಿನಿಯ ಕಾಫಿಯ ನೊರೆಯಂತೆ ತೆಳು ಕಂದು ಬಣ್ಣದ ಲೇಪ ಮೆತ್ತಿಕೊಂಡಿತ್ತು. ಬೆರಳಿನಿಂದ ಬಳಿದರೆ ಬೆಣ್ಣೆಯ ಹಾಗೆ ಬಂತು. ಆಯಿಲ್ ಮಟ್ಟ ನೋಡುವ ಕಡ್ಡಿ, ಡಿಪ್‌ಸ್ಟಿಕ್ ಮೂಸಿದರೆ ಪೆಟ್ರೋಲ್ ವಾಸನೆ. ಆಯಿಲ್ ಮಟ್ಟ ಗರಿಷ್ಠ ಗೆರೆಗಿಂತ ಮೇಲೆ. "ನೋಡಿ ಸಾರ್, ನನ್ನ ಎಂಜಿನ್ ಒಂದು ಹನಿ ಆಯಿಲ್ ಕುಡಿಯುವುದಿಲ್ಲ" ಎಂದು ಅವನಿಗೆ ಹೆಮ್ಮೆ. ಅರ್ಧ ಗಂಟೆ ರಿಂಗ್ ರಸ್ತೆಯಲ್ಲಿ ಓಡಿಸಿ ಸೆನ್ಸರಿನಲ್ಲಿ ನೋಡಿದರೆ 62 ಡಿಗ್ರಿ. ಹೆಡ್ ಗ್ಯಾಸ್ಕೆಟ್ (ಕೂಲಂಟ್ ಆಯಿಲ್‌ಗೆ ಸೇರದಂತೆ ತಡೆಯುವ ಹಾಳೆ) ಹೋಗಿದೆ, ಎಂಜಿನ್ ಬಿಚ್ಚಬೇಕು ಎಂದು ಅವನಿಗೆ ಬೇರೆಲ್ಲೋ ಹೇಳಿದ್ದರಂತೆ. ಗ್ಯಾಸ್ಕೆಟ್‌ಗೆ ಏನೂ ಆಗಿರಲಿಲ್ಲ. ಕೂಲರಿನ ಮುಂದೆ ರಟ್ಟು ಕಟ್ಟಿ, ಆಯಿಲ್ ಬದಲಿಸಿ, ಮೈಸೂರಿಗೆ ಹೋಗಿ ಬಾ ಎಂದೆ. ನೊರೆ ಮತ್ತೆ ಬರಲಿಲ್ಲ.

ಹಾಗಾದರೆ ಕೂಲರ್ ಯಾರಿಗೆ ಬೇಕು? ಟ್ರ್ಯಾಕ್‌ಗೆ ಹೋಗುವವರಿಗೆ. ಇರುಂಗಾಟ್ಟುಕೋಟ್ಟೈನ 3.7 ಕಿಲೋಮೀಟರ್ ಟ್ರ್ಯಾಕ್‌ನಲ್ಲಿ, ಚೆನ್ನೈನ ಬಿಸಿಲಿನಲ್ಲಿ, ಬಿಡುವಿಲ್ಲದೆ ಹದಿನೈದು ನಿಮಿಷ ಎಂಜಿನನ್ನು ಹಿಂಡಿದರೆ ಆಯಿಲ್ ಏರುತ್ತಲೇ ಹೋಗುತ್ತದೆ. ಪಿಸ್ಟನ್ ತಳಕ್ಕೆ ಚಿಮ್ಮುವ ಆಯಿಲ್, ಟರ್ಬೊ ಬೇರಿಂಗ್ ತೊಳೆದು ಬರುವ ಆಯಿಲ್, ಎಲ್ಲ ಬಿಸಿಯೂ ಕೊನೆಗೆ ಬಂದು ಬೀಳುವುದು ಸಂಪಿಗೆ. ನಿಮ್ಮ ಮನೆಯ ಅಂಗಳದ ಸಂಪಲ್ಲ, ಎಂಜಿನ್ ಅಡಿಯ ಆಯಿಲ್ ತೊಟ್ಟಿ. ಒಳ್ಳೆಯ ಸಿಂಥೆಟಿಕ್ ಆಯಿಲ್ 130 ಡಿಗ್ರಿಯನ್ನು ಸ್ವಲ್ಪ ಹೊತ್ತು ತಡೆಯುತ್ತದೆ. ನಿಮ್ಮ ಪಟ್ಟಿಯಲ್ಲಿ 125ರ ಮೇಲಿನ ಸಂಖ್ಯೆ ಮತ್ತೆ ಮತ್ತೆ ಕಂಡರೆ ಕೂಲರ್ ಹಾಕಿಸಿ. 115 ದಾಟದಿದ್ದರೆ ಆ ದುಡ್ಡನ್ನು ಬ್ರೇಕ್ ಪ್ಯಾಡಿಗೆ ಹಾಕಿ.

ಅಳತೆ: ರಸ್ತೆಯಲ್ಲೂ ಓಡಿ ಆಗಾಗ ಟ್ರ್ಯಾಕ್‌ಗೂ ಹೋಗುವ ಇಷ್ಟು ಚಿಕ್ಕ ಎಂಜಿನ್‌ಗೆ 235 ಮಿ.ಮೀ. ಅಗಲದ 13 ಸಾಲಿನದು ಸಾಕು. ಪೂರ್ತಿ ಟ್ರ್ಯಾಕ್ ಕಾರಾದರೆ 16 ಅಥವಾ 19. ಸೆಟ್ರಾಬ್, ಮೊಕಾಲ್ ಕಂಪನಿಗಳ ಅಸಲಿ ಕೂಲರ್ ಸಿಕ್ಕರೆ ಒಳ್ಳೆಯದು. ಜೆ.ಸಿ. ರಸ್ತೆಯಲ್ಲಿ ಸಿಗುವ ಹೆಸರಿಲ್ಲದ ಮಾಲು ಕೊಳ್ಳುವುದಾದರೆ ಒಳಗಿನ ಲೋಹದ ಪುಡಿಯನ್ನು ಪೆಟ್ರೋಲ್ ಹಾಕಿ ನಾಲ್ಕು ಸಲವಾದರೂ ಕುಲುಕಿ ತೊಳೆಯಿರಿ. ಎಂಜಿನ್ ಸೀಜ್ ಆದ ಕಾರಿನಿಂದ ಬಿಚ್ಚಿದ ಕೂಲರ್ ಮಾತ್ರ ಪುಕ್ಕಟೆ ಕೊಟ್ಟರೂ ಬೇಡ. ಅದರೊಳಗಿನ ಚೂರು ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ.

ಕೊಳ್ಳುವ ಮೊದಲು ಕಾರಿನಡಿ ಒಮ್ಮೆ ಮಲಗಿ ನೋಡಿ. ಆಯಿಲ್ ಫಿಲ್ಟರಿಗೂ ಎಂಜಿನ್ ಬ್ಲಾಕಿಗೂ ನಡುವೆ ಅಥವಾ ಅದರ ಪಕ್ಕದಲ್ಲಿ ಕೂಲಂಟ್ ಪೈಪು ಸೇರುವ ಚಪ್ಪಟೆ ತಟ್ಟೆಗಳ ಕಟ್ಟು ಕಂಡರೆ ಅದೇ ಕಾರ್ಖಾನೆ ಕೊಟ್ಟ ಕೂಲರ್. ಬೆಳಗ್ಗೆ ಅದು ಕೂಲಂಟ್‌ನ ಬಿಸಿಯಿಂದ ಆಯಿಲನ್ನು ಬೇಗ ಬೆಚ್ಚಗೆ ಮಾಡುತ್ತದೆ, ಮಧ್ಯಾಹ್ನ ಆಯಿಲ್‌ನ ಬಿಸಿಯನ್ನು ಕೂಲಂಟ್‌ಗೆ ದಾಟಿಸುತ್ತದೆ. ಅದನ್ನು ಕಿತ್ತೆಸೆದು ಹೊಸದು ಕೂರಿಸುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಅದು ಅಲ್ಲೇ ಇರಲಿ.

ಫಿಲ್ಟರ್ ತಿರುಗಿಸಿ ಕೂರಿಸುವ ಡಬ್ಬಿಯಂಥದ್ದಾದರೆ ಅದಕ್ಕೂ ಎಂಜಿನ್‌ಗೂ ನಡುವೆ, ಆಯಿಲನ್ನು ಕೂಲರಿನ ಕಡೆ ತಿರುಗಿಸುವ ಸ್ಯಾಂಡ್‌ವಿಚ್ ಪ್ಲೇಟ್ ಕೂರುತ್ತದೆ. ಪ್ಲಾಸ್ಟಿಕ್ ಮುಚ್ಚಳದೊಳಗೆ ಕಾಗದದ ಫಿಲ್ಟರ್ ಇರುವ ಎಂಜಿನ್‌ಗೆ ಬೇರೆ ಅಡಾಪ್ಟರ್ ಬೇಕು. ಥ್ರೆಡ್ ಕೆಲವದರಲ್ಲಿ ಎಂ20, ಕೆಲವದರಲ್ಲಿ ಮುಕ್ಕಾಲು ಇಂಚು. ಕಣ್ಣಳತೆಗೆ ಎರಡೂ ಒಂದೇ ಥರ ಕಾಣುತ್ತವೆ, ಒಂದೂವರೆ ಸುತ್ತು ಕೂರುತ್ತವೆ ಕೂಡ. ಆಮೇಲೆ ಪಾನಾ ಹಾಕಿ ಬಲವಂತ ಮಾಡಿದವರ ಕಥೆ ಬೇಡ. ಪ್ಲೇಟ್‌ನಲ್ಲಿ ಥರ್ಮೋಸ್ಟಾಟ್ ಇರಲೇಬೇಕು. ಇದರಲ್ಲಿ ಚೌಕಾಸಿ ಇಲ್ಲ. ಸುಮಾರು 80 ಡಿಗ್ರಿಯವರೆಗೆ ಅದು ಕೂಲರಿನ ದಾರಿಯನ್ನು ಹೆಚ್ಚುಕಡಿಮೆ ಮುಚ್ಚಿರುತ್ತದೆ. ಪೂರ್ತಿ ಮುಚ್ಚುವುದಿಲ್ಲ, ಸಣ್ಣ ಹರಿವನ್ನು ಬೇಕೆಂದೇ ಬಿಟ್ಟಿರುತ್ತಾರೆ. ತಣ್ಣಗಿನ ಆಯಿಲ್ ಒಮ್ಮೆಲೇ ಎಂಜಿನ್‌ಗೆ ನುಗ್ಗಬಾರದೆಂಬ ಎಚ್ಚರಿಕೆ ಅದು. ಪ್ಲೇಟ್ ಸೇರಿದ ಮೇಲೆ ಫಿಲ್ಟರ್ ಎರಡು ಮೂರು ಸೆಂಟಿಮೀಟರ್ ಕೆಳಗಿಳಿಯುತ್ತದೆ. ನಮ್ಮ ಬಡಾವಣೆಗಳ ಹಂಪುಗಳ ಎತ್ತರ ನಿಮಗೆ ಗೊತ್ತಿದೆ. ಗಿಡ್ಡ ಫಿಲ್ಟರ್ ಸಿಗುತ್ತದೆಯೇ ನೋಡಿ.

ಹೋಸ್ ವಿಷಯದಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಪೀಣ್ಯದ ಕಡೆ ಹೈಡ್ರಾಲಿಕ್ ಹೋಸ್ ಕತ್ತರಿಸಿ ಫಿಟ್ಟಿಂಗ್ ಒತ್ತಿಕೊಡುವವರು "ಇದು 200 ಬಾರ್ ತಡೆಯುತ್ತದೆ, ನಿಮ್ಮದು ಏಳು ಬಾರ್ ಅಷ್ಟೇ ತಾನೆ" ಎನ್ನುತ್ತಾರೆ. ಒತ್ತಡದ ಮಾತು ನಿಜ. ಆದರೆ ಆರ್1, ಆರ್2 ದರ್ಜೆಯ ಮಾಮೂಲಿ ಹೈಡ್ರಾಲಿಕ್ ಹೋಸುಗಳ ಬಿಸಿಯ ಮಿತಿ 100 ಡಿಗ್ರಿ. ನೀವು ಕೂಲರ್ ಹಾಕಿಸುತ್ತಿರುವುದೇ ಆಯಿಲ್ ಅದನ್ನು ದಾಟುತ್ತದೆ ಎಂದು. ರಬ್ಬರ್ ಒಂದೇ ದಿನ ಒಡೆಯುವುದಿಲ್ಲ, ಒಳಗೊಳಗೇ ಗಟ್ಟಿಯಾಗಿ ಬಿರಿಯುತ್ತದೆ. 150 ಡಿಗ್ರಿಗೆ ತಡೆಯುವ ಎಎನ್-10 ಅಳತೆಯ ಹೋಸ್ ಕೇಳಿ ತೆಗೆದುಕೊಳ್ಳಿ. ಕಾರಿನ ಮೈಗೆ ಉಜ್ಜುವ ಕಡೆ ಕವಚ ಹಾಕಿ. ಉಕ್ಕಿನ ಹೆಣಿಗೆಯ ಹೋಸ್ ಗರಗಸದ ಹಾಗೆ, ಪಕ್ಕದಲ್ಲಿ ಏನಿದ್ದರೂ ಕೊಯ್ಯುತ್ತದೆ.

ಕೂಲರನ್ನು ಎಸಿ ಕಂಡೆನ್ಸರ್ ಮುಂದೆ ನೇತುಹಾಕುವುದು ಸುಲಭ. ಆದರೆ ಅದರ ಬಿಸಿಯೆಲ್ಲ ಹಿಂದಿನ ಕಂಡೆನ್ಸರಿಗೂ ರೇಡಿಯೇಟರಿಗೂ ಹೊಡೆಯುತ್ತದೆ. ಬಂಪರಿನ ಒಂದು ಮೂಲೆಯಲ್ಲಿ, ರಬ್ಬರ್ ಬುಷ್ ಮೇಲೆ, ಗಾಳಿ ಬರಲೂ ಹೋಗಲೂ ದಾರಿ ಮಾಡಿ ಕೂರಿಸಿ. ಹೋಗುವ ದಾರಿಯನ್ನೇ ಎಲ್ಲರೂ ಮರೆಯುವುದು. ಹೋಸ್ ಸೇರುವ ಬಾಯಿಗಳು ಮೇಲ್ಮುಖವಾಗಿರಲಿ, ಒಳಗಿನ ಗಾಳಿ ಹೊರಬೀಳುತ್ತದೆ. ಮುಂದೆ ಕಲ್ಲು ತಡೆಯುವ ಜಾಲರಿ ಬೇಕು. ಮೊದಲ ಸಲ ಚಾಲೂ ಮಾಡುವ ಮುನ್ನ ಕೂಲರಿಗೆ ಆಯಿಲ್ ತುಂಬಿಸಿ, ಫ್ಯೂಯೆಲ್ ಪಂಪಿನ ಫ್ಯೂಸ್ ಕಿತ್ತು, ಆಯಿಲ್ ದೀಪ ಆರುವವರೆಗೆ ಬಿಟ್ಟು ಬಿಟ್ಟು ಸೆಲ್ಫ್ ಹೊಡೆಯಿರಿ. ಆಮೇಲೆ ಫ್ಯೂಸ್ ಹಾಕಿ ಎರಡು ನಿಮಿಷ ಓಡಿಸಿ, ಆರಿಸಿ, ಡಿಪ್‌ಸ್ಟಿಕ್ ನೋಡಿ. ಅರ್ಧ ಲೀಟರಿನಿಂದ ಒಂದು ಲೀಟರ್ ಹೆಚ್ಚು ಹಿಡಿಯುತ್ತದೆ.

ಟರ್ಬೊ ಮಾತು ಬಂದಿದ್ದರಿಂದ ನೀವು ಕೇಳದ ಇನ್ನೊಂದನ್ನೂ ಹೇಳಿಬಿಡುತ್ತೇನೆ. ನಿಮ್ಮಂಥವರು ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಕಾರು ನಿಲ್ಲಿಸಿ, ಟರ್ಬೊ ತಣಿಯಲಿ ಎಂದು ಮೂರು ನಿಮಿಷ ಎಂಜಿನ್ ಗುರುಗುಟ್ಟಿಸುತ್ತ ಕೂರುತ್ತೀರಿ. ಬಿಸಿ ಟರ್ಬೊದಲ್ಲಿ ನಿಂತ ಆಯಿಲ್ ಸೀದು ಕರಿಯಾಗುತ್ತದೆ ಎಂಬುದು ಸುಳ್ಳಲ್ಲ. ಆದರೆ ಈಗಿನ ಹಲವು ಟರ್ಬೊಗಳ ಸುತ್ತ ಕೂಲಂಟ್ ಹರಿಯುತ್ತದೆ. ಎಂಜಿನ್ ಆರಿಸಿದ ಮೇಲೂ ಪುಟ್ಟ ವಿದ್ಯುತ್ ಪಂಪು ಅದನ್ನು ತಿರುಗಿಸುತ್ತಿರುತ್ತದೆ. ಆ ಸಣ್ಣ ಗುಂಯ್ ಸದ್ದನ್ನು ಕೇಳಿ ಏನೋ ಕೆಟ್ಟಿದೆ ಎಂದು ಫೋನ್ ಮಾಡಿದವರೂ ಇದ್ದಾರೆ. ಅದೂ ಅಲ್ಲದೆ ಸಿಲ್ಕ್ ಬೋರ್ಡ್ ದಾಟಿ ಮನೆ ಸೇರುವಷ್ಟರಲ್ಲಿ ನಿಮ್ಮ ಟರ್ಬೊ ತಣಿದು ನಿದ್ದೆ ಹೋಗಿರುತ್ತದೆ. ನಿಜವಾಗಿ ಕಾಯಬೇಕಾದದ್ದು ವೇಗದಲ್ಲಿ ಬಂದು ಹಾಗೆಯೇ ನಿಲ್ಲಿಸಿ ಆರಿಸುವ ಕಡೆ. ಹಿಂದೆ ಬಿಡದಿಯ ತಟ್ಟೆ ಇಡ್ಲಿಗೆ ಮೈಸೂರು ರಸ್ತೆಯಿಂದ ನೇರ ತಿರುಗಿಸಿ ನಿಲ್ಲಿಸುತ್ತಿದ್ದ ಕಾಲದಲ್ಲಿ ಒಂದು ನಿಮಿಷ ಕೂರಿ ಎನ್ನುತ್ತಿದ್ದೆ. ಈಗ ಎಕ್ಸ್‌ಪ್ರೆಸ್‌ವೇಯಿಂದ ಇಳಿದು ಊರೊಳಗೆ ತೆವಳಿಕೊಂಡು ಹೋಗಬೇಕು. ಅಷ್ಟರಲ್ಲಿ ಆಗಬೇಕಾದದ್ದು ಆಗಿರುತ್ತದೆ. ಆರಿಸಿ ಒಳಗೆ ನಡೆಯಿರಿ, ಇಡ್ಲಿ ಆರುತ್ತದೆ.